ತಾನಾಗೇ ದೊಡ್ಡದಾದ ಪರದೆ

ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಚನ್ನಗಿರಿಯ ನಮ್ಮ ಮನೆಗೆ ಬರುತ್ತಾರೆ. ಯಾವ ಕೋರ್ಸು ಮಾಡಿದರೆ ಒಳ್ಳೆಯದು, ಯಾವ ಸರ್ಟಿಫಿಕೇಟಿಗೆ ಬೆಲೆ ಜಾಸ್ತಿ ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ ಎಂದರೆ ನಂಬುವುದಿಲ್ಲ. ನಾನು ಈ ದಾರಿಗೆ ಬಂದದ್ದು ಟೈಪ್‌ರೈಟರ್ ರಿಪೇರಿಯಿಂದ. ಟೈಪ್‌ರೈಟರಿನಲ್ಲಿ ದೋಷವಿದ್ದರೆ ಬೆರಳಿಗೆ ಸಿಗುತ್ತಿತ್ತು: ಬಾಗಿದ ಕಡ್ಡಿ, ಒಣಗಿದ ರಿಬ್ಬನ್, ಕಿತ್ತುಹೋದ ಸ್ಪ್ರಿಂಗ್. ಕಂಪ್ಯೂಟರಿನ ದೋಷ ಹುಡುಕಿಕೊಂಡು ಹೋದವನಿಗೆ ಮೊದಲು ಸಿಗುವವರು ಮನುಷ್ಯರು. ಅವರು ಏನು ಹೇಳುತ್ತಿದ್ದಾರೆ ಎಂದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ನಾನಿದ್ದದ್ದು ಒಂದು ವಿದ್ಯಾಸಂಸ್ಥೆಯಲ್ಲಿ. ಅದರ ಕೇಂದ್ರ ಕಚೇರಿ ಚನ್ನಗಿರಿಯಲ್ಲಿ. ಶಾಲೆಗಳು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ. ಇಷ್ಟೂ ಕಡೆಯ ಕಂಪ್ಯೂಟರುಗಳಿಗೆ ಡಾಕ್ಟರು, ಕಾಂಪೌಂಡರು, ದಾದಿ ಎಲ್ಲ ನಾನೊಬ್ಬನೇ. ಒಂದು ಹೆಗಲ ಚೀಲ, ಒಂದು ಬಸ್ ಪಾಸು, ನಾನು: ಇಷ್ಟೇ ಇಲಾಖೆ. ಬಡ್ತಿಯ ವಿಷಯ ಇಲ್ಲಿ ಬರೆಯುವುದಿಲ್ಲ. ಬರೆಯುವಂಥದ್ದೇನೂ ಬರಲೂ ಇಲ್ಲ.

ನಾನು ನಿವೃತ್ತನಾಗುವ ಕೆಲವು ವರ್ಷ ಮೊದಲು ಸಂಸ್ಥೆಯವರು ಎಲ್ಲ ಕಂಪ್ಯೂಟರುಗಳಿಗೂ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದರು. ಹಾಕಿದವನು ನಾನೇ. ಪೆನ್‌ಡ್ರೈವಿನಲ್ಲಿ ಮನೆಮನೆ ತಿರುಗುತ್ತಿದ್ದ ವೈರಸ್ಸಿನ ಕಾಟ ಅಲ್ಲಿಗೆ ಮುಗಿಯಿತು. ಇನ್ನು ನಿವೃತ್ತಿಯವರೆಗೆ ಹಾಯಾಗಿರಬಹುದು ಅಂದುಕೊಂಡೆ. ಆಗ ಶುರುವಾಯಿತು ಪರದೆಯ ಕಾಟ.

ಮೊದಲ ಫೋನು ಬಂದದ್ದು ಸಂತೇಬೆನ್ನೂರಿನ ಶಾಲೆಯಿಂದ. ಮಾಡಿದವರು ಅಲ್ಲಿನ ಗುಮಾಸ್ತ ರುದ್ರಪ್ಪ. ಒಳ್ಳೆಯ ಕೆಲಸಗಾರ, ಆದರೆ ಗಾಬರಿ ಬಿದ್ದರೆ ಮಾತು ಒಂದಕ್ಕೊಂದು ಸೇರುತ್ತಿರಲಿಲ್ಲ.

"ಸಾರ್, ಕಂಪ್ಯೂಟರ್ ಹತ್ರ ಬಂದುಬಿಟ್ಟೈತೆ."

"ಟೇಬಲ್ ಮೇಲಿಂದ ಜರುಗೈತೇನ್ರೀ?"

"ಇಲ್ಲ ಸಾರ್, ಅದು ಅಲ್ಲೇ ಐತೆ. ಒಳಗಿರಾದು ಹತ್ರ ಬಂದೈತೆ. ಒಂದೊಂದು ಅಕ್ಷರನೂ ಕುಂಬಳಕಾಯಿ ಆಗಿ ಕುಂತೈತೆ. ಮೌಸ್ ಆ ಕಡೆ ಸರಿಸಿದ್ರೆ ಇಡೀ ಪರದೆನೇ ಆ ಕಡೆ ಓಡ್ತೈತೆ."

"ಆಫ್ ಮಾಡಿ ಆನ್ ಮಾಡಿದ್ರಾ?"

"ಎಷ್ಟು ಸಲ ಮಾಡಿದ್ರೂ ಹಂಗೇ ಐತೆ ಸಾರ್."

ಆಫ್ ಮಾಡಿ ಆನ್ ಮಾಡಿದರೂ ಹಾಗೇ ಇದೆಯೆಂದರೆ ಮಾನಿಟರೇ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಸ್ಟೋರಿನಿಂದ ಬೇರೆ ಮಾನಿಟರು ತೆಗೆದುಕೊಂಡು, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊರಟೆ. ಕಂಡಕ್ಟರು ಇದಕ್ಕೆ ಅರ್ಧ ಟಿಕೆಟ್ಟೋ ಪೂರ್ತಿ ಟಿಕೆಟ್ಟೋ ಎಂದು ತಮಾಷೆ ಮಾಡಿದ. ಅಲ್ಲಿ ಹೋಗಿ ಜೋಡಿಸಿದರೆ ಹೊಸ ಮಾನಿಟರಿನಲ್ಲೂ ಅದೇ ಕುಂಬಳಕಾಯಿ. ಏನೂ ತೋಚದೆ ಮೇಜಿನ ಕೆಳಗಿದ್ದ ಸಿಪಿಯು ಡಬ್ಬಿಯನ್ನೇ ಆರಿಸಿ ಮತ್ತೆ ಹಚ್ಚಿದೆ. ಎಲ್ಲ ಮೊದಲಿನ ಹಾಗಾಯಿತು.

ರುದ್ರಪ್ಪ ಬಗ್ಗಿ ನೋಡಿ, "ಓ, ಅದನ್ನೂ ಆಫ್ ಮಾಡಬೇಕಿತ್ತಾ ಸಾರ್? ನಾನು ಕಂಪ್ಯೂಟರ್ ಅಷ್ಟೇ ಆಫ್ ಮಾಡ್ತಿದ್ದೆ" ಅಂದರು. ಅವರ ಲೆಕ್ಕದಲ್ಲಿ ಕಂಪ್ಯೂಟರ್ ಅಂದರೆ ಮುಖದೆದುರಿನ ಪರದೆ. ಕೆಳಗಿನದು ಅದರ ಡಬ್ಬಿ, ಫ್ರಿಜ್ಜಿಗೆ ಸ್ಟೆಬಿಲೈಜರ್ ಇದ್ದ ಹಾಗೆ. ಅವರನ್ನು ನೋಡಿ ನಗುವ ಯೋಗ್ಯತೆ ನನಗಿರಲಿಲ್ಲ. ಕಾರಣ ನನಗೂ ಗೊತ್ತಾಗಿರಲಿಲ್ಲ. ಆದರೂ ಗಂಭೀರ ಮುಖ ಮಾಡಿಕೊಂಡು "ಸೆಟ್ಟಿಂಗ್ ಸರಿ ಮಾಡಿದೀನಿ" ಎಂದು ಹೇಳಿ, ಮಾನಿಟರನ್ನು ಮತ್ತೆ ತೊಡೆಯ ಮೇಲೆ ಕೂರಿಸಿಕೊಂಡು ವಾಪಸು ಬಂದೆ.

ವಾರದೊಳಗೆ ಮತ್ತೆ ಫೋನು. ಈ ಸಲ ಬರಿಗೈಯಲ್ಲಿ ಹೋದೆ. ರುದ್ರಪ್ಪನವರಿಗೆ "ನಾನಿಲ್ಲ ಅಂದ್ಕೊಂಡು ನಿಮ್ಮ ಪಾಡಿಗೆ ಕೆಲಸ ಮಾಡ್ರಿ" ಎಂದು ಹೇಳಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವರು ವರ್ಗಾವಣೆ ಪತ್ರ ಟೈಪ್ ಮಾಡುತ್ತಿದ್ದರು. ಮಗುವಿನ ಹೆಸರು ಕನ್ನಡದಲ್ಲಿ ಬೇಕು, ಇಂಗ್ಲಿಷಿನಲ್ಲೂ ಬೇಕು. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗಲು ಎಡಗೈಯಲ್ಲಿ ಆಲ್ಟ್, ಶಿಫ್ಟ್ ಎರಡನ್ನೂ ಒತ್ತಬೇಕು. ಹಾಗೆ ನಾನೇ ಇಟ್ಟಿದ್ದೆ. ಅವರು ಒತ್ತಿದರು, ಭಾಷೆ ಬದಲಾಯಿತು. ಆದರೆ ಹೆಬ್ಬೆರಳು ಆಲ್ಟ್ ಗುಂಡಿಯ ಮೇಲೇ ಉಳಿಯಿತು, ಹೊಲದ ಬದುವಿನ ಮೇಲೆ ಕೂತವರು ಏಳಲು ಬೇಜಾರು ಪಡುವಂತೆ. ಅಷ್ಟರಲ್ಲಿ ಬಲಗೈ ಮೌಸಿನ ಚಕ್ರ ಉರುಳಿಸಿತು. ಪರದೆ ಉಬ್ಬಿತು. ಆ ಲಿನಕ್ಸಿನಲ್ಲಿ ಆಲ್ಟ್ ಒತ್ತಿಕೊಂಡು ಚಕ್ರ ಮುಂದಕ್ಕೆ ತಿರುಗಿಸಿದರೆ ಪರದೆ ದೊಡ್ಡದಾಗುತ್ತದೆ, ಹಿಂದಕ್ಕೆ ತಿರುಗಿಸಿದರೆ ಮೊದಲಿನಂತಾಗುತ್ತದೆ. ಇಷ್ಟೇ ವಿಷಯ. ಬರೀ ಇಂಗ್ಲಿಷ್ ಟೈಪ್ ಮಾಡುವವರಿಗೆ ಇದು ಬರುತ್ತಿರಲಿಲ್ಲ. ಕನ್ನಡಕ್ಕೂ ಇಂಗ್ಲಿಷಿಗೂ ಓಡಾಡುವ ನಮ್ಮಂಥವರಿಗೆ ಮಾತ್ರ ಬರುವ ಕಾಯಿಲೆ.

ಅಂದಿನಿಂದ ನನ್ನ ವಿಧಾನ ಬದಲಾಯಿತು. ಫೋನಿನಲ್ಲಿ ಯಾರಾದರೂ ಪರದೆ ದೊಡ್ಡದಾಗಿದೆ ಎಂದರೆ, "ಎಡಗೈ ಎಲ್ಲೈತೆ?" ಎಂದು ಕೇಳುತ್ತಿದ್ದೆ. ಕೇಳಿದ ಮರುಗಳಿಗೆಯೇ ಆ ಕಡೆಯವರು ಕೈ ತೆಗೆದುಬಿಡುತ್ತಿದ್ದರು, ಸಕ್ಕರೆ ಡಬ್ಬಿಯಲ್ಲಿ ಕೈ ಇಟ್ಟು ಸಿಕ್ಕಿಬಿದ್ದ ಮಕ್ಕಳ ಹಾಗೆ. "ಇಲ್ಲೇ ಐತಲ್ಲ ಸಾರ್, ತೊಡೆ ಮೇಲೆ" ಅನ್ನುತ್ತಿದ್ದರು. ಆಮೇಲೆ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: "ನಾವೇನೂ ಮಾಡಿಲ್ರಿ. ತಾನಾಗೇ ಆಗೈತೆ."

ಈ "ತಾನಾಗೇ" ಅನ್ನುವ ಮಾತು ಯಾವ ರಿಪೇರಿಗೆ ಹೋದರೂ ಇದ್ದದ್ದೇ; ಮೊದಲೆಲ್ಲ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಕಂಪ್ಯೂಟರಿಗೇನು ಕೈಯಿದೆಯೇ, ತಾನಾಗೇ ಮಾಡಿಕೊಳ್ಳಲು? ಹೊಸದರಲ್ಲಿ ಬಾಯಿಬಿಟ್ಟು ಬೈದದ್ದೂ ಉಂಟು. ಜನ ಸುಳ್ಳು ಹೇಳುತ್ತಾರೆ ಎಂದೇ ನಂಬಿದ್ದೆ. ರುದ್ರಪ್ಪನವರ ಪಕ್ಕದಲ್ಲಿ ಕೂತ ದಿನ ಆ ನಂಬಿಕೆ ಸಡಿಲವಾಯಿತು. ಅವರ ಹೆಬ್ಬೆರಳು ಆಲ್ಟ್ ಮೇಲಿದ್ದದ್ದು ಅವರಿಗೇ ಗೊತ್ತಿರಲಿಲ್ಲ. ಕೈ ಮಾಡಿದ್ದು ಮನಸ್ಸಿಗೆ ತಿಳಿಯದಿದ್ದರೆ ಅವರ ಪಾಲಿಗೆ ಅದು ತಾನಾಗೇ ಆದದ್ದೇ ಅಲ್ಲವೇ.

ಹೊನ್ನಾಳಿಯ ಶಾಲೆಯಲ್ಲಿ ಇದು ಇನ್ನೊಂದು ರೂಪದಲ್ಲಿ ಬಂತು. ಆಯುಧಪೂಜೆ ಮುಗಿದು ಶಾಲೆ ತೆರೆದ ದಿನ ಬೆಳಿಗ್ಗೆ ಅಲ್ಲಿನ ಕಂಪ್ಯೂಟರ್ ಶಿಕ್ಷಕಿ ಗೌರಮ್ಮ ಫೋನು ಮಾಡಿದರು. ಲ್ಯಾಬಿನ ಅರ್ಧ ಕಂಪ್ಯೂಟರುಗಳಲ್ಲಿ ಚಕ್ರ ಮುಟ್ಟಿದರೆ ಸಾಕು, ಪರದೆ ಉಬ್ಬುತ್ತಿದೆ. "ಎಡಗೈ ಎಲ್ಲೈತೆ?" ಎಂದೆ. "ಎಡಗೈಯಾಗೆ ಫೋನ್ ಹಿಡ್ಕಂಡೀನ್ರೀ" ಎಂದರು. ನನ್ನ ಜಾಣ್ಮೆ ಅಲ್ಲಿಗೆ ನಿಂತಿತು. ಮುಖ್ಯೋಪಾಧ್ಯಾಯರು ಆಗಲೇ ಇದು ಹೊಸ ಬಗೆಯ ವೈರಸ್ಸು, ಎಲ್ಲ ಪ್ಲಗ್ಗು ಕಿತ್ತುಬಿಡಿ ಎಂದು ಆಜ್ಞೆ ಮಾಡಿದ್ದರು.

ಹೋಗಿ ನೋಡಿದೆ. ಪ್ರತಿ ಕೀಬೋರ್ಡಿನ ಮೇಲೂ ವಿಭೂತಿ ಪಟ್ಟೆ, ಅದರ ಮೇಲೆ ಕಲಸಿದ ಅರಿಶಿನ ಕುಂಕುಮ, ಅಂಟಿಕೊಂಡ ಚೆಂಡುಹೂವಿನ ಎಸಳು. ಕುಂಕುಮವನ್ನು ಧಾರಾಳವಾಗಿ ಕಲಸಿದ್ದರು. ಅದು ಆಲ್ಟ್ ಗುಂಡಿಯ ಸಂದಿಗೆ ಇಳಿದು, ಒಣಗಿ, ಒತ್ತಿದ ಗುಂಡಿ ಒತ್ತಿದಂತೆಯೇ ನಿಂತಿತ್ತು.

"ದೇವ್ರ ಕಾರ್ಯ ಮಾಡಿದ್ರೆ ಹಿಂಗಾಗ್ತೈತಾ ಸಾರ್?" ಎಂದು ಗೌರಮ್ಮ ಬೇಸರದಿಂದ ಕೇಳಿದರು.

"ದೇವ್ರಿಗೆ ಪರದೆ ಮೇಲ್ಗಡೆ ಹಚ್ರಿ. ಗುಂಡಿಗೆ ಹಚ್ಚಿದ್ರೆ ಒತ್ತಿದಂಗೆ ಅಂತ ತಿಳ್ಕಂತೈತೆ."

ಒದ್ದೆ ಬಟ್ಟೆಯಲ್ಲಿ ಎಲ್ಲ ಕೀಬೋರ್ಡುಗಳನ್ನೂ ಒರೆಸಿ, ಗುಂಡಿ ಕಿತ್ತು ತೊಳೆದು ಹಾಕಲು ಇಡೀ ದಿನ ಹಿಡಿಯಿತು. ಸಂಜೆ ಬಸ್ಸಿನಲ್ಲಿ ಕೂತಾಗ ನನ್ನ ಹತ್ತು ಬೆರಳೂ ಕೆಂಪಗಿದ್ದವು. ಪಕ್ಕದವರು ಮದುವೆಗೆ ಹೋಗಿದ್ದಿರೇನು ಎಂದು ವಿಚಾರಿಸಿದರು.

ಜಗಳೂರಿನದು ದೂರದ ಕಥೆ. ಚನ್ನಗಿರಿಯಿಂದ ದಾವಣಗೆರೆಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ, ಬಯಲಿನಲ್ಲಿ ಬಿಸಿಲು ತಿನ್ನುತ್ತ ಹೋಗಬೇಕು. ಅಷ್ಟು ದೂರ ಹೋಗಿ ಒಂದು ಚಕ್ರ ತಿರುಗಿಸಿ ಬರುವುದು ನನಗೆ ಒಪ್ಪಿಗೆಯಾಗಲಿಲ್ಲ. ಫೋನಿನಲ್ಲೇ ಸರಿ ಮಾಡಿಸಲು ಹೊರಟೆ. ಆ ಕಡೆ ಇದ್ದವರು ಅಲ್ಲಿಯ ಗುಮಾಸ್ತ ತಿಪ್ಪೇಸ್ವಾಮಿ. "ಆಲ್ಟ್ ಒತ್ತಿ ಹಿಡ್ಕಂಡು ಚಕ್ರ ಹಿಂದಕ್ಕೆ ತಿರುಗಿಸ್ರಿ" ಎಂದೆ. "ತಿರುಗಿಸ್ದೆ, ಇನ್ನೂ ದೊಡ್ಡದಾತು" ಎಂದರು. ಹಿಂದಕ್ಕೆ ಎಂದರೆ ಅವರ ಪಾಲಿಗೆ ಕಂಪ್ಯೂಟರಿನ ಹಿಂದುಗಡೆ, ಗೋಡೆಯ ಕಡೆಗೆ. ನನ್ನ ಪಾಲಿಗೆ ಕೂತವರ ಹಿಂದುಗಡೆ. ಇಬ್ಬರೂ ಸರಿಯೇ. ಅಂದಿನಿಂದ ಹಿಂದೆ ಮುಂದೆ ಅನ್ನುವುದನ್ನು ಬಿಟ್ಟು, "ಚಕ್ರ ನಿಮ್ಮ ಹೊಟ್ಟೆ ಕಡೆಗೆ ಎಳ್ಕಳ್ರಿ" ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ. ಹೊಟ್ಟೆ ಎಲ್ಲಿದೆ ಎಂದು ಯಾರಿಗೂ ಅನುಮಾನ ಬರಲಿಲ್ಲ. ನೀವೂ ಹಾಗೇ ಹೇಳಿ.

ಇಷ್ಟೆಲ್ಲ ನಡೆಯುವಾಗ ನನ್ನ ಮೇಲಧಿಕಾರಿ ಮಹೇಶ್ವರಪ್ಪನವರು. ಸಂಸ್ಥೆಯ ಆಡಳಿತಾಧಿಕಾರಿ. ಯಾವ ಶಾಲೆಗೆ ಹೋದರೂ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ನಿಂತೇ ನೋಡಿ, ನಿಂತೇ ಬೈದು, ನಿಂತೇ ಚಹಾ ಕುಡಿದು ಹೊರಡುತ್ತಿದ್ದರು. ನಾನು ಯಾವ ಊರಿನ ರಿಪೇರಿ ಮುಗಿಸಿ ಬಂದರೂ ಅವರದು ಒಂದೇ ಪ್ರಶ್ನೆ: "ಹನುಮಂತಪ್ಪ, ತಪ್ಪು ಯಂತ್ರದ್ದಾ, ಮನುಷ್ಯರದ್ದಾ?" ಯಂತ್ರದ್ದಾದರೆ ಸ್ಟೋರಿಗೆ ಬರೆಯುತ್ತಿದ್ದರು. ಮನುಷ್ಯರದ್ದಾದರೆ ಆ ಮನುಷ್ಯರಿಗೆ ಬರೆಯುತ್ತಿದ್ದರು. ನಾನು ಯಾವಾಗಲೂ ಯಂತ್ರದ್ದೇ ಅನ್ನುತ್ತಿದ್ದೆ. ಯಂತ್ರಕ್ಕೆ ಮಾನ ಮರ್ಯಾದೆಯ ಚಿಂತೆಯಿಲ್ಲ.

ಪರದೆಯ ದೂರುಗಳು ಹೆಚ್ಚಾದಾಗ ಅವರೇ ಹೇಳಿದರು: "ಇದು ಆಗದೇ ಇರೋ ಹಂಗೆ ಮಾಡಾಕೆ ಬರಲ್ಲೇನ್ರೀ?" ಬರುತ್ತಿತ್ತು. ಆಲ್ಟ್ ಮತ್ತು ಚಕ್ರದ ಸಂಬಂಧವನ್ನು ಕಡಿದುಹಾಕಲು ಸೆಟ್ಟಿಂಗಿನಲ್ಲಿ ಒಂದು ಸಣ್ಣ ಚೌಕದ ಗುರುತು ತೆಗೆದರೆ ಸಾಕು. ನನಗೆ ಇದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಜಗಳೂರಿನಿಂದ ಶುರುಮಾಡಿ, ಚನ್ನಗಿರಿ ತಾಲ್ಲೂಕಿನ ಶಾಲೆಗಳು, ಹೊನ್ನಾಳಿ, ಎಲ್ಲ ಕಡೆ ಗುರುತು ತೆಗೆಯುತ್ತ ಹೋದೆ. ಕೊನೆಗೆ ಉಳಿದದ್ದು ನ್ಯಾಮತಿ.

ನ್ಯಾಮತಿಯ ಶಾಲೆಯ ಕಚೇರಿಯಲ್ಲಿದ್ದವರು ಸೀತಾಬಾಯಿ. ಸೂರಗೊಂಡನಕೊಪ್ಪದ ಹತ್ತಿರದ ತಾಂಡಾದವರು, ನಲವತ್ತು ದಾಟಿದವರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಸ್ಸಿಳಿಯುತ್ತಿದ್ದರು. ನಮ್ಮ ಎಲ್ಲ ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದವರು ಅವರೇ, ಏಕೆಂದರೆ ಅವರ ಕನ್ನಡದಲ್ಲಿ ಒತ್ತಕ್ಷರ ತಪ್ಪುತ್ತಿರಲಿಲ್ಲ. ಕೆಲಸ ಮಾತ್ರ ಖಾಯಂ ಅಲ್ಲ. ಪ್ರತಿ ವರ್ಷ ಬೇಸಿಗೆಯಲ್ಲಿ ಮಹೇಶ್ವರಪ್ಪನವರು ಬಂದು ನೋಡಿ ಮುಂದುವರಿಸಬೇಕಿತ್ತು. ಅವರ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು. ಮನೆ ನಿಂತದ್ದು ಆ ಕೆಲಸದ ಮೇಲೆ.

ಸೀತಾಬಾಯಿ ನನಗೆ ಪರದೆಯ ಬಗ್ಗೆ ಒಂದು ಸಲವೂ ಫೋನು ಮಾಡಿರಲಿಲ್ಲ. ದೂರು ಬಂದದ್ದು ಅಲ್ಲಿನ ಮುಖ್ಯೋಪಾಧ್ಯಾಯರಿಂದ. "ನಾನು ಯಾವಾಗ ಆಫೀಸಿಗೆ ಹೋದ್ರೂ ಆಯಮ್ಮನ ಪರದೆ ದೊಡ್ಡದಾಗೇ ಇರ್ತೈತೆ. ಕೇಳಿದ್ರೆ ತಾನಾಗೇ ಆಗೈತೆ ಅಂತಾಳೆ" ಎಂದು ಅವರು ಕೇಂದ್ರ ಕಚೇರಿಗೂ ತಿಳಿಸಿದ್ದರು. ನಾನು ಹೋದಾಗ ಸೀತಾಬಾಯಿ ನನ್ನ ಮುಂದೆಯೂ ಅದೇ ಮಾತು ಹೇಳಿದರು. ಅಷ್ಟು ಹೊತ್ತಿಗೆ ಆ ಮಾತಿನ ಮೇಲೆ ನನಗೆ ಗೌರವ ಬಂದುಬಿಟ್ಟಿತ್ತಲ್ಲ, ಹೌದಮ್ಮ, ಇದು ಎಲ್ಲ ಕಡೆ ಆಗುವಂಥದ್ದೇ, ನಿಮ್ಮ ತಪ್ಪಲ್ಲ ಎಂದು ಸಮಾಧಾನ ಮಾಡಿದೆ. ಸೆಟ್ಟಿಂಗ್ ತೆರೆದು ಗುರುತು ತೆಗೆದೆ. "ಇನ್ಮೇಲೆ ತಾನಾಗೇ ಆಗಲ್ಲ ಬಿಡ್ರಿ" ಎಂದೆ.

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ತಲೆ ಆಡಿಸಿದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ಬಸ್ ನಿಲ್ದಾಣಕ್ಕೆ ಬಂದರೆ ಹೊನ್ನಾಳಿ ಕಡೆಯ ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನದಕ್ಕೆ ಬಹಳ ಹೊತ್ತಿತ್ತು. ಬಿಸಿಲಿನಲ್ಲಿ ಕೂರುವ ಬದಲು ಶಾಲೆಯಲ್ಲೇ ಫ್ಯಾನಿನ ಕೆಳಗೆ ಕೂರೋಣ ಎಂದು ವಾಪಸು ಹೋದೆ. ಕಚೇರಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಸೀತಾಬಾಯಿ ಒಬ್ಬರೇ. ಕುರ್ಚಿಯಿಂದ ಎದ್ದು, ಮೇಜಿನ ಮೇಲೆ ಎರಡೂ ಮೊಣಕೈ ಊರಿ, ಮುಖವನ್ನು ಪರದೆಗೆ ಒತ್ತಿ ಹಿಡಿದಿದ್ದರು. ಮೂಗು ಗಾಜಿಗೆ ತಾಗಿತ್ತು. ಒಂದು ಅಕ್ಷರ ನೋಡಿ, ತಲೆ ಸರಿಸಿ ಮುಂದಿನ ಅಕ್ಷರ ನೋಡುತ್ತಿದ್ದರು. ಹಣೆಯ ಬೆವರು ಪರದೆಯ ಮೇಲೆ ಗೀರು ಗೀರಾಗಿ ಹತ್ತಿತ್ತು.

ನಾನು ಕೆಮ್ಮಿದೆ. ಅವರು ಬೆಚ್ಚಿಬಿದ್ದು ತಿರುಗಿದರು. ಆದರೆ ನೋಡಿದ್ದು ನನ್ನತ್ತ ಅಲ್ಲ, ನನ್ನ ಪಕ್ಕದ ಕಪಾಟಿನತ್ತ.

"ಯಾರ್ರೀ ಅದು?"

"ನಾನಮ್ಮ, ಹನುಮಂತಪ್ಪ. ಬಸ್ ತಪ್ಪಿತು."

ಅವರು ಕುರ್ಚಿಯಲ್ಲಿ ಕುಸಿದರು. ಅವಿತಿಟ್ಟದ್ದನ್ನು ಇನ್ನು ಅವಿತಿಟ್ಟು ಪ್ರಯೋಜನವಿಲ್ಲ ಎಂದು ಇಬ್ಬರಿಗೂ ಗೊತ್ತಾಗಿತ್ತು.

"ತಾನಾಗೇ ಆಗ್ತಿದ್ದಿಲ್ಲ ಸಾರ್. ನಾನೇ ಮಾಡ್ಕಂತಿದ್ದೆ" ಎಂದರು. "ಮೊದಲ ಸಲ ತಾನಾಗೇ ಆತು. ಕನ್ನಡಕ್ಕೆ ಬರಾಕೆ ಹೋದೆ, ಪರದೆ ದೊಡ್ಡದಾತು. ಆವತ್ತು ನನಗೆಷ್ಟು ಖುಷಿ ಆತು ಗೊತ್ತಾ ಸಾರ್? ಅಕ್ಷರ ಕಂಡು ತಿಂಗಳುಗಳಾಗಿದ್ದವು. ಅಂದಾಜಿನ ಮ್ಯಾಲೆ ಹೊಡೀತಿದ್ದೆ. ಆಮೇಲೆ ಅದು ಹೆಂಗೆ ಆತು ಅಂತ ಒಂದೊಂದೇ ಗುಂಡಿ ಒತ್ತಿ ಒತ್ತಿ ಹುಡಿಕ್ಕಂಡೆ."

ಜನ ಸತ್ಯ ಹೇಳಿದಾಗೆಲ್ಲ ನಾನು ನಂಬಿರಲಿಲ್ಲ. ನಂಬಲು ಕಲಿತ ಮೇಲೆ ಸಿಕ್ಕಿದ್ದು ಈ ಸುಳ್ಳು. ಕೋಪ ಬರಲಿಲ್ಲ. ಚೀಲ ಇಳಿಸಿ ಅವರ ಪಕ್ಕ ಕೂತೆ.

"ಡಾಕ್ಟರಿಗೆ ತೋರಿಸಿದ್ರಾ?"

"ಸಕ್ಕರೆ ಕಾಯಿಲೆ ಐತೆ. ಗುಳಿಗೆ ನುಂಗ್ತೀನಿ. ಕಣ್ಣಿಗೆ ತೋರಿಸಿಲ್ಲ. ತೋರಿಸಿದ್ರೆ ರಜಾ ಹಾಕ್ಬೇಕು. ಯಾಕೆ ಅಂತ ಕೇಳ್ತಾರೆ. ಕಣ್ಣು ಕಾಣದೋಳನ್ನ ಯಾರು ಇಟ್ಕಂತಾರೆ ಸಾರ್? ಬರೋ ತಿಂಗಳು ಸಾಹೇಬ್ರು ಬರ್ತಾರೆ. ಮುಂದುವರ್ಸಿದ ಮ್ಯಾಲೆ ತೋರಿಸ್ತೀನಿ ಅನ್ಕಂಡಿದ್ದೆ. ಹೋದ ವರ್ಷನೂ ಹಂಗೇ ಅನ್ಕಂಡಿದ್ದೆ."

ನಾನು ಸೆಟ್ಟಿಂಗ್ ತೆರೆದು ಗುರುತನ್ನು ಮತ್ತೆ ಹಾಕಿದೆ. ಆಲ್ಟ್ ಒತ್ತಿ ಚಕ್ರ ತಿರುಗಿಸಿ ನೋಡಲು ಹೇಳಿದೆ. ಪರದೆ ಉಬ್ಬಿತು. ಅವರ ಭುಜ ಇಳಿಯಿತು. ಆಮೇಲೆ ಹೇಳಿದೆ: "ಇದು ಇಲ್ಲೇ ಇರ್ತೈತೆ, ಯಾರೂ ತೆಗಿಯಲ್ಲ. ಆದ್ರೆ ನಾಳೆನೇ ಕಣ್ಣಾಸ್ಪತ್ರೆಗೆ ಹೋಗ್ರಿ. ಹೋಗಲಿಲ್ಲ ಅಂದ್ರೆ ನಾನೇ ಸಾಹೇಬ್ರಿಗೆ ಹೇಳ್ತೀನಿ." ಹೆದರಿಸಿದ್ದು ನಿಜ. ಬೇರೆ ದಾರಿ ತೋಚಲಿಲ್ಲ. ಅವರು ಚಕ್ರದಿಂದ ಬೆರಳು ತೆಗೆದು, "ಹೋಗ್ತೀನಿ" ಎಂದರು.

ಮರುದಿನ ದೊಡ್ಡ ಮಗಳ ಕೈ ಹಿಡಿದು ಶಿವಮೊಗ್ಗಕ್ಕೆ ಹೋದರು. ಸಂಜೆ ಆ ಹುಡುಗಿಯೇ ನನಗೆ ಫೋನು ಮಾಡಿದಳು. ಸಕ್ಕರೆ ಕಣ್ಣಿನ ಒಳಪದರಕ್ಕೆ ಇಳಿದಿದೆ, ಬಲಗಣ್ಣಿನಲ್ಲಿ ಹೋದದ್ದು ಹೋಯಿತು, ಎಡಗಣ್ಣಿಗೆ ಲೇಸರ್ ಮಾಡಿ ಇಂಜೆಕ್ಷನ್ ಕೊಟ್ಟರೆ ಉಳಿಯಬಹುದು, ಆದರೆ ತಡ ಮಾಡುವಂತಿಲ್ಲ ಎಂದರಂತೆ. ಫೋನಿನ ಆ ಕಡೆಯಿಂದ ತಾಯಿಯ ದನಿ ಕೇಳಿಸುತ್ತಿತ್ತು. ರಜೆಯ ಅರ್ಜಿಯಲ್ಲಿ ಏನು ಬರೆಯಲಿ ಎಂದು ಕೇಳುತ್ತಿದ್ದರು. ಇದ್ದದ್ದನ್ನೇ ಬರೆಯಲು ಹೇಳಿದೆ.

ಬರೆದರು. ಅರ್ಜಿ ಮಹೇಶ್ವರಪ್ಪನವರ ಮೇಜಿಗೆ ಬಂದ ದಿನವೇ ನನ್ನನ್ನು ಕರೆಸಿದರು.

"ನ್ಯಾಮತಿದು ಯಾರ ತಪ್ಪು? ಯಂತ್ರದ್ದಾ, ಮನುಷ್ಯರದ್ದಾ?"

"ತಪ್ಪೇ ಅಲ್ಲ ಸಾರ್. ಆಯಮ್ಮಗೆ ಕಣ್ಣು ಮಂದ ಆಗೈತೆ. ಪರದೆ ದೊಡ್ಡದಿದ್ರೆ ಕೆಲಸ ಮಾಡ್ತಾರೆ."

"ಹಂಗಂದ್ರೆ ವರದಿಯಾಗೆ ಏನು ಬರೀಲಿ?"

"ಏನೂ ಬರೀಬೇಡ್ರಿ ಸಾರ್. ಒಂದು ಸಲ ಹೋಗಿ ನೋಡ್ರಿ."

ನಾನು ಅವರ ಮಾತಿಗೆ ಎದುರಾಡಿದ್ದು ಅದೇ ಮೊದಲು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, "ಪ್ರಶ್ನೆಪತ್ರಿಕೆ ಕಣ್ರೀ ಅದು. ಒಂದು ಅಂಕಿ ಹೆಚ್ಚು ಕಮ್ಮಿ ಆದ್ರೆ ಮಕ್ಕಳ ಗತಿ ಏನು?" ಎಂದರು. ಅದೂ ಸರಿಯಾದ ಮಾತೇ ಆಗಿತ್ತು.

ಬೇಸಿಗೆಯಲ್ಲಿ ಅವರು ನ್ಯಾಮತಿಗೆ ಹೊರಟಾಗ ನನ್ನನ್ನೂ ಜೀಪಿನಲ್ಲಿ ಹತ್ತಿಸಿಕೊಂಡರು. ಸೀತಾಬಾಯಿಗೆ ಆಗ ಲೇಸರ್ ಮುಗಿದು, ಇಂಜೆಕ್ಷನ್ನುಗಳು ನಡೆಯುತ್ತಿದ್ದವು. ನೋಟ ಇನ್ನೂ ತಿಳಿಯಾಗಿರಲಿಲ್ಲ. ಮಹೇಶ್ವರಪ್ಪನವರು ಜೇಬಿನಿಂದ ಒಂದು ಹಾಳೆ ತೆಗೆದು ಅವರ ಮುಂದಿಟ್ಟರು. ಗಣಿತದ ಹಳೆಯ ಪ್ರಶ್ನೆಪತ್ರಿಕೆಯ ಕೈಬರಹದ ಪ್ರತಿ. "ಇದನ್ನ ಟೈಪ್ ಮಾಡ್ರಿ, ನೋಡಾಣ" ಎಂದರು.

ಸೀತಾಬಾಯಿ ಹಾಳೆಯನ್ನು ಮುಖದ ಹತ್ತಿರ ಹಿಡಿದು ಒಂದು ಸಾಲು ಓದಿಕೊಂಡರು. ಆಲ್ಟ್ ಒತ್ತಿ ಚಕ್ರ ತಿರುಗಿಸಿದರು. ಪರದೆಯ ತುಂಬ ನಾಲ್ಕೈದು ಅಕ್ಷರ. ಅವರು ಹೊಡೆದಂತೆಲ್ಲ ಪರದೆ ನಿಧಾನವಾಗಿ ಸರಿಯುತ್ತಿತ್ತು. ಒಂದು ಸಾಲು, ಮತ್ತೆ ಹಾಳೆ, ಮತ್ತೊಂದು ಸಾಲು. ನಡುವೆ ಒಂದು ಕಡೆ ಆರರ ಬದಲು ಒಂಬತ್ತು ಬಿತ್ತು. ನನಗೆ ಕಂಡಿತು. ಮಹೇಶ್ವರಪ್ಪನವರಿಗೂ ಕಂಡಿತ್ತು; ಅವರು ಬಾಯಿ ತೆರೆದವರು ಮುಚ್ಚಿದರು. ಸಾಲು ಮುಗಿಸಿದ ಸೀತಾಬಾಯಿ ಮೌಸನ್ನು ಸಾಲಿನ ಮೊದಲಿಗೆ ಎಳೆದು, ಒಂದೊಂದೇ ಅಕ್ಷರ ನೋಡುತ್ತ ಬಂದು, ಒಂಬತ್ತರ ಹತ್ತಿರ ನಿಂತು, ಅಳಿಸಿ ಆರು ಮಾಡಿದರು.

ಎಲ್ಲ ಮುಗಿಯುವಷ್ಟರಲ್ಲಿ ಊಟದ ಗಂಟೆ ಬಾರಿಸಿತು. ಆವತ್ತು ಮಹೇಶ್ವರಪ್ಪನವರು ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತರು.

"ನಿಧಾನ ಆಗ್ತೈತಲ್ಲಮ್ಮ."

"ಆಗ್ತೈತ್ರಿ."

"ಮುಂಚೆನೇ ಕೊಟ್ರೆ ಮಾಡ್ತೀರಾ?"

"ಮಾಡ್ತೀನ್ರಿ. ಆದ್ರೆ ಅಕ್ಷರ ಪೂರ್ತಿ ಕಾಣದಂಗಾದ ದಿನ ನಾನೇ ಬಂದು ಹೇಳ್ತೀನಿ. ಆವತ್ತು ಬ್ಯಾರೆಯವರನ್ನ ನೋಡ್ಕಳ್ರಿ."

ಸಾಹೇಬರು ಎದ್ದು ಹೊರಗೆ ಹೋದರು. ಜೀಪಿನಲ್ಲಿ ಕೂತ ಮೇಲೆ, "ಮುಂದುವರ್ಸೀನಿ" ಎಂದಷ್ಟೇ ಅಂದರು. ಹೊನ್ನಾಳಿ ಸೇತುವೆ ದಾಟುವಾಗ ಮತ್ತೆ, "ಉಳಿದ ಕಡೆನೂ ಅದನ್ನ ಬಂದ್ ಮಾಡಿದೀರಲ್ಲ, ಮತ್ತೆ ಚಾಲೂ ಮಾಡ್ರಿ" ಎಂದರು.

ಹಾಗೆ, ಮುಚ್ಚಿದ್ದನ್ನೆಲ್ಲ ತೆರೆಯುತ್ತ ಮತ್ತೆ ಊರೂರು ಸುತ್ತಿದೆ. ಈ ಸಲ ಗುರುತು ಹಾಕಿ ಸುಮ್ಮನೆ ಬರಲಿಲ್ಲ. ಕೂರಿಸಿಕೊಂಡು ದೊಡ್ಡದು ಮಾಡುವುದು, ಸಣ್ಣದು ಮಾಡುವುದು ಎರಡನ್ನೂ ಹೇಳಿಕೊಟ್ಟೆ. ಭಾಷೆ ಬದಲಿಸುವ ಗುಂಡಿಯನ್ನು ಬೇರೆ ಕಡೆಗೆ ಸರಿಸಿದೆ. ಅಲ್ಲಿಗೆ ಪರದೆ ಗೊತ್ತಿಲ್ಲದೆ ಉಬ್ಬುವುದು ನಿಂತಿತು. ಬೇಕೆಂದೇ ಉಬ್ಬಿಸಿಕೊಳ್ಳುವವರು ಎಷ್ಟು ಮಂದಿಯೋ, ನಾನು ಕೇಳಲಿಲ್ಲ.

ನಿವೃತ್ತಿಗೆ ಮೊದಲು ಕೊನೆಯ ಸಲ ನ್ಯಾಮತಿಗೆ ಹೋದೆ. ಸೀತಾಬಾಯಿ ಕೆಲಸದಲ್ಲೇ ಇದ್ದರು. ಪರದೆ ಈಗಲೂ ದೊಡ್ಡದೇ, ಆದರೆ ಮೊದಲಿನಷ್ಟಲ್ಲ. ಒಂದು ಪೂರ್ತಿ ಸಾಲು ಹಿಡಿಸುತ್ತಿತ್ತು. ನಾನು ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಹೇಳಿದೆ. ಆ ದಿನ ವಿಚಾರಿಸದೆ ಬಂದ್ ಮಾಡಿದೆನಲ್ಲ, ನಿಮಗೆ ಎಷ್ಟು ಸಂಕಟವಾಗಿರಬೇಕು ಎಂದೆ.

"ಆಗಿತ್ತು ಸಾರ್, ಸುಳ್ಳು ಯಾಕೆ ಹೇಳ್ಲಿ. ನಿಮ್ಮನ್ನ ಮನಸಿನಾಗೇ ಬೈಕಂಡೆ" ಎಂದರು. "ಆದ್ರೆ ನೀವು ಬಂದ್ ಮಾಡಿರಲಿಲ್ಲ ಅಂದ್ರೆ ನಾನು ದಿನಾ ಒಂದೀಟು ದೊಡ್ಡದು ಮಾಡ್ಕಂತಾ ಇಲ್ಲೇ ಕುಂತಿರ್ತಿದ್ದೆ. ಇನ್ನು ಸ್ವಲ್ಪ ದಿನ ಬಿಟ್ಟು ಬಂದಿದ್ರೆ ಎಡಗಣ್ಣೂ ಹೋಗ್ತಿತ್ತು ಅಂದ್ರು ಡಾಕ್ಟ್ರು."

ಆವತ್ತು ನನ್ನ ಕೈ ಮಾಡಿದ್ದು ಒಂದು, ಆದದ್ದು ಇನ್ನೊಂದು. ಬಸ್ಸು ತಪ್ಪದಿದ್ದರೆ ಆ ಎಡಗಣ್ಣೂ ಹೋಗುತ್ತಿತ್ತು. ಹೊಸಬರು ಇದರಿಂದ ಯಾವ ನಿಯಮ ಕಲಿಯಬೇಕು ಎಂದು ಕೇಳಿದರೆ, ರಿಪೇರಿ ಮಾಡಿದ ಮೇಲೆ ತಕ್ಷಣ ಹೊರಡಬೇಡಿ, ಸ್ವಲ್ಪ ಹೊತ್ತು ಅಲ್ಲೇ ಕೂತಿರಿ ಎನ್ನುತ್ತೇನೆ.

ಎದ್ದು ಹೊರಟೆ. ಸೀತಾಬಾಯಿ ಬಾಗಿಲವರೆಗೆ ಬಂದರು. ಹೊರಗಿನ ಬೆಳಕಿನಲ್ಲಿ ನಿಂತು, ತಲೆಯನ್ನು ಕೊಂಚ ಓರೆ ಮಾಡಿ, ಎಡಗಣ್ಣಿನಿಂದ ನನ್ನನ್ನು ದಿಟ್ಟಿಸಿ ನೋಡಿದರು.

"ಅಲ್ಲ ಸಾರ್, ನಿಮ್ಮ ಮೀಸೆ ಯಾವಾಗ ಬೆಳ್ಳಗಾತು?"

ಅದು ಬೆಳ್ಳಗಾಗಿ ಎರಡು ಮೂರು ವರ್ಷಗಳಾಗಿದ್ದವು. ಅಷ್ಟು ಕಾಲ ಅವರು ನಮಸ್ಕಾರ ಮಾಡುತ್ತಿದ್ದದ್ದು ನನ್ನ ದನಿಗೆ.